ಸೇಂದಿಯ ಚರಿತ್ರೆಯೂ ನರಕೋಶಗಳ ಮರಣವೂ

ಕಾಗಿಣಾ ನದಿಯ ಆಸುಪಾಸಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಜನರ ಬಾಳಿಗೆ ಒದಗಿಬಂದ ವಸ್ತುಗಳು ಎರಡು: ನೆಲದೊಳಗಿನ ಫರಸಿ ಕಲ್ಲು, ನೆಲದ ಮೇಲಿನ ಈಚಲ ಮರ. ರಾವೂರ ಮೊದಲಾದ ಗ್ರಾಮಗಳ ಸುತ್ತ ಹಾಸಿರುವ ಸುಣ್ಣಗಲ್ಲು ಹಲವು ತಲೆಮಾರುಗಳಿಗೆ ಕೂಲಿಯನ್ನು ಕೊಟ್ಟಿತು. ಹಳ್ಳದ ದಂಡೆಯ ಈಚಲು ಆ ಕೂಲಿಯ ಒಂದು ಪಾಲನ್ನು ಸಂಜೆಯ ಹೊತ್ತಿಗೆ ಹಿಂದಕ್ಕೆ ಪಡೆಯಿತು. ಈಚಲಿನಿಂದ ಇಳಿಸಿದ ಹೆಂಡಕ್ಕೆ ಈ ಭಾಗದಲ್ಲಿ ಸೇಂದಿಯೆಂದು ಹೆಸರು. ಸೇಂದಿಯಿಂದ ಮನೆತನಗಳು ಕೆಟ್ಟ ಕಥೆಗಳು ಯಾರಿಗೂ ಹೊಸವಲ್ಲ. ಆದರೆ ಮಾದಕ ವಸ್ತುವು ಕುಡಿದವನ ಮೆದುಳಿನ ಕಣಕಣದಲ್ಲಿ ಏನು ಮಾಡುತ್ತದೆ, ಅದು ನರಕೋಶವನ್ನು ಕೊಲ್ಲುತ್ತದೆಯೆ, ಕೊಲ್ಲುವುದಾದರೆ ಯಾವ ದಾರಿಯಿಂದ, ಎಂಬ ಪ್ರಶ್ನೆಗೆ ಉತ್ತರ ದೊರೆಯತೊಡಗಿದುದು ಇತ್ತೀಚಿನ ಮೂರು ನಾಲ್ಕು ದಶಕಗಳಲ್ಲಿ. ಆ ಉತ್ತರವನ್ನು ಈ ಸೀಮೆಯ ಚರಿತ್ರೆಯೊಡನೆ ಜೋಡಿಸಿ ನೋಡಿದರೆ, ಕುಡಿತವನ್ನು ಬಿಡಿಸುವ ಕಾರ್ಯದಲ್ಲಿ ಸಮಾಜವೂ ಸರ್ಕಾರವೂ ಎಲ್ಲಿ ಎಡವುತ್ತವೆಂಬುದು ಸ್ಪಷ್ಟವಾಗುತ್ತದೆ.

ಮದ್ಯದ ವಿಚಾರವಾಗಿ ಈ ನೆಲದಲ್ಲಿ ನಡೆದ ಚಿಂತನೆ ಬಹು ಪ್ರಾಚೀನವಾದುದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಪ್ರಸಿದ್ಧವಷ್ಟೆ. ಅಮೋಘವರ್ಷ ನೃಪತುಂಗನ ಸಭೆಯೊಡನೆ ಸಂಬಂಧವುಳ್ಳ ಜೈನ ವೈದ್ಯನಾದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದನು. ಮದ್ಯ, ಮಾಂಸ, ಮಧು ಈ ಮೂರನ್ನೂ ಔಷಧಿಗಳಲ್ಲಿ ಸೇರಿಸದೆ ಸಮಗ್ರ ಚಿಕಿತ್ಸೆಯನ್ನು ನಿರೂಪಿಸಿದುದು ಆ ಗ್ರಂಥದ ವೈಶಿಷ್ಟ್ಯ. ಇದಕ್ಕೆ ಪ್ರತಿಯಾಗಿ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಪಾನವನ್ನು ರಾಜಭೋಗಗಳಲ್ಲಿ ಒಂದಾಗಿ ವರ್ಣಿಸಿತು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಶರಣರ ನಡುವೆ ಹೆಂಡದ ಮಾರಯ್ಯನೂ ಇದ್ದನು. ಹೆಂಡದ ಕಾಯಕದವನನ್ನು ಹೊರಗಿಡದೆ ಒಳಕ್ಕೆ ಕರೆದು ಕೂರಿಸಿದ ಸಮಾಜವೊಂದು ಇಲ್ಲಿ ಇತ್ತೆಂಬುದನ್ನು ನೆನಪಿನಲ್ಲಿಡಬೇಕು.

ಆಯುರ್ವೇದದ ಆಚಾರ್ಯರಾದರೂ ಕೇವಲ ನಿಂದೆಯಲ್ಲಿ ನಿಲ್ಲಲಿಲ್ಲ. ಚರಕಸಂಹಿತೆಯಲ್ಲಿ ಮದಾತ್ಯಯವೆಂಬ ರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕುಡಿತವನ್ನು ಬಿಟ್ಟವನು ಮತ್ತೆ ಒಮ್ಮೆಲೆ ಅತಿಯಾಗಿ ಕುಡಿದರೆ ಹುಟ್ಟುವ ಧ್ವಂಸಕ, ವಿಕ್ಷಯ ಎಂಬ ವಿಕಾರಗಳನ್ನು ಅಲ್ಲಿ ಹೆಸರಿಸಲಾಗಿದೆ. ಇದಕ್ಕಿಂತಲೂ ಮುಖ್ಯವಾದುದು ಮತ್ತೊಂದು ಉಪದೇಶ: ರೂಢಿಯಾದ ಅಹಿತವನ್ನು ಒಂದೇ ಸಲಕ್ಕೆ ತ್ಯಜಿಸದೆ ಕಾಲು ಕಾಲು ಪಾಲಾಗಿ ಕಡಿಮೆಮಾಡುತ್ತ ಬರಬೇಕು, ಹಠಾತ್ತಾಗಿ ಬಿಡುವುದರಿಂದಲೂ ರೋಗ ಹುಟ್ಟುತ್ತದೆ. ಚರಕನಲ್ಲಿಯೂ ವಾಗ್ಭಟನಲ್ಲಿಯೂ ಈ ಮಾತು ಬಂದಿದೆ. ದೇಹವು ವಿಷಕ್ಕೂ ಹೊಂದಿಕೊಳ್ಳುತ್ತದೆ, ಹೊಂದಿಕೊಂಡ ಮೇಲೆ ಆ ವಿಷವನ್ನು ಕಿತ್ತುಕೊಂಡರೂ ಅದಕ್ಕೆ ಕೇಡು, ಎಂಬ ಅರಿವು ಅವರಿಗೆ ಉಂಟಾಗಿತ್ತು. ಆ ಹೊಂದಿಕೆಯು ಎಲ್ಲಿ ನಡೆಯುತ್ತದೆಂಬುದನ್ನು ನೋಡುವ ಸಾಧನಗಳು ಮಾತ್ರ ಆ ಕಾಲದಲ್ಲಿ ಇರಲಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಸೇಂದಿಯು ಬೊಕ್ಕಸದ ವಿಷಯವಾಯಿತು. ಹೈದರಾಬಾದು ಸಂಸ್ಥಾನಕ್ಕೆ ಅಬಕಾರಿಯು ಭೂಕಂದಾಯದ ಜೊತೆಗೆ ನಿಲ್ಲುವ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜನ್ನು ಹಿಡಿದವನು ಗುತ್ತೇದಾರ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ಶಹಾಬಾದಿನ ಕಲ್ಲು ದೂರದ ಊರುಗಳಿಗೆ ಸಾಗಿತು; ಮುಂದೆ ಸಿಮೆಂಟಿನ ಕಾರ್ಖಾನೆಗಳೂ ಬಂದುವು. ದಿನಗೂಲಿಯ ರೊಕ್ಕ ಕೈಗೆ ಬರುವ ಕಡೆಯಲ್ಲಿ ಸೇಂದಿ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಲಾರರು. ಆದರೂ ಆ ಕಾಲದ ಸೇಂದಿಗೆ ಪ್ರಕೃತಿಯೇ ಒಂದು ಮಿತಿಯನ್ನು ಹಾಕಿತ್ತು. ಮುಂಜಾನೆ ಇಳಿಸಿದ ಸಿಹಿಯಾದ ರಸವು ಗಾಳಿಯಲ್ಲಿನ ಹುದುಗಿನಿಂದ ಕೆಲವೇ ತಾಸುಗಳಲ್ಲಿ ಹುಳಿತು ಸೌಮ್ಯವಾದ ಮದ್ಯವಾಗುತ್ತದೆ. ಮರುದಿನಕ್ಕೆ ಹುಳಿ ಏರಿ ಕುಡಿಯಲು ಬಾರದಂತಾಗುತ್ತದೆ. ಮರ ಎಷ್ಟು ಕೊಟ್ಟೀತೋ ಅಷ್ಟೇ ಸೇಂದಿ. ಈ ಮಿತಿಯು ಮುರಿದುದೇ ಮುಂದಿನ ಅನರ್ಥಕ್ಕೆ ಮೂಲವಾಯಿತು.

ಮಾದಕ ವಸ್ತುವು ಮೆದುಳನ್ನು ಕೆಡಿಸುವುದೆ ಎಂಬುದನ್ನು ಪ್ರಯೋಗದಿಂದ ಅರಿಯುವ ಒಂದು ದೊಡ್ಡ ಯತ್ನವು ಭಾರತದಲ್ಲಿ ನಡೆದುದು ೧೮೯೩-೯೪ರಲ್ಲಿ. ಗಾಂಜಾ, ಭಂಗಿ, ಚರಸುಗಳ ವಿಚಾರಣೆಗಾಗಿ ನೇಮಕವಾದ ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ಗಾಂಜಾದಿಂದ ಹುಚ್ಚು ಹಿಡಿದವರೆಂದು ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಬರೆದಿದ್ದವರ ವೃತ್ತಾಂತಗಳನ್ನು ಮತ್ತೆ ಪರಿಶೀಲಿಸಿದಾಗ, ಅವುಗಳಲ್ಲಿ ಬಹುಪಾಲು ಆಧಾರವಿಲ್ಲದವೆಂದು ಕಂಡುಬಂದಿತು. ಕಲಕತ್ತೆಯಲ್ಲಿ ಡಿ. ಡಿ. ಕನಿಂಗ್‌ಹ್ಯಾಮ್ ಎಂಬ ವೈದ್ಯಾಧಿಕಾರಿಯು ಕೋತಿಯೊಂದಕ್ಕೆ ತಿಂಗಳುಗಟ್ಟಲೆ ಗಾಂಜಾ ಹೊಗೆಯನ್ನು ಕೊಟ್ಟು, ತರುವಾಯ ಅದರ ಮೆದುಳನ್ನು ಪರೀಕ್ಷಿಸಿದನು. ಗಾಯದ ಗುರುತು ಕಾಣಲಿಲ್ಲ. ಆಯೋಗದ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ ಸರಿ. ಆದರೆ ಅಂದಿನ ಸೂಕ್ಷ್ಮದರ್ಶಕವು ಸತ್ತ ಅಂಗಾಂಶವನ್ನು ತೋರಿಸಬಲ್ಲದಾಗಿತ್ತೇ ಹೊರತು, ಬದುಕಿರುವ ಕೋಶದೊಳಗೆ ಸಾವಿನ ಅಪ್ಪಣೆಯು ಹೇಗೆ ಹೊರಡುತ್ತದೆ, ಹೇಗೆ ತಡೆಯಲ್ಪಡುತ್ತದೆ ಎಂಬುದನ್ನಲ್ಲ.

ಆ ಅಪ್ಪಣೆಯ ಕಥೆಯು ೧೯೭೨ರಲ್ಲಿ ಆರಂಭವಾಯಿತೆನ್ನಬಹುದು. ಆ ವರ್ಷ ಕೆರ್, ವೈಲಿ, ಕರಿ ಎಂಬ ಮೂವರು ವಿದ್ವಾಂಸರು, ಜೀವಕೋಶಗಳು ಪೆಟ್ಟು ತಿಂದು ಸಾಯುವುದಲ್ಲದೆ, ತಮ್ಮೊಳಗಿನ ವ್ಯವಸ್ಥೆಯಿಂದಲೇ ಅಚ್ಚುಕಟ್ಟಾಗಿ ಸಾಯುವ ಮತ್ತೊಂದು ಕ್ರಮವುಂಟೆಂದು ಪ್ರತಿಪಾದಿಸಿದರು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವನ್ನಾರಿಸಿ ಅದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ನಿಯತ ಕೋಶಮರಣವೆನ್ನಬಹುದು. ಒಂದು ಮಿಲಿಮೀಟರು ಉದ್ದದ ಸಣ್ಣ ದುಂಡುಹುಳುವಿನಲ್ಲಿ ೧,೦೯೦ ದೇಹಕೋಶಗಳು ಹುಟ್ಟಿ, ಅವುಗಳಲ್ಲಿ ಸರಿಯಾಗಿ ೧೩೧ ಕೋಶಗಳು ಬೆಳವಣಿಗೆಯ ಹಂತದಲ್ಲಿಯೇ ಸಾಯುತ್ತವೆ, ಉಳಿಯುವುವು ೯೫೯. ಈ ಲೆಕ್ಕವನ್ನೂ ಇದನ್ನಾಳುವ ಜೀನುಗಳನ್ನೂ ಶೋಧಿಸಿದ ಬ್ರೆನರ್, ಹಾರ್ವಿಟ್ಸ್, ಸಲ್ಸ್ಟನ್ ಇವರಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಮನುಷ್ಯನ ಮೆದುಳೂ ಈ ನಿಯಮಕ್ಕೆ ಹೊರತಲ್ಲ. ಗರ್ಭದಲ್ಲಿ ಬೇಕಾದುದಕ್ಕಿಂತ ಹೆಚ್ಚು ನರಕೋಶಗಳು ಹುಟ್ಟಿ, ಸಂಬಂಧ ಕೂಡದವುಗಳು ಉದುರಿಹೋಗುತ್ತವೆ.

ಈ ವ್ಯವಸ್ಥೆಯನ್ನು ನಡೆಸುವವು ಸಂಕೇತ ಪ್ರೋಟೀನುಗಳು. ಹಳ್ಳಿಯ ಚಾವಡಿಯಿಂದ ಅಪ್ಪಣೆಯನ್ನು ಹೊತ್ತು ಮನೆಮನೆಗೆ ಹೋಗುವ ವಾಲೀಕಾರನನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕೋಶದ ಹೊರಗೋಡೆಯಲ್ಲಿ ಫ್ಯಾಸ್ ಎಂಬ ಪ್ರೋಟೀನು ಬಾಗಿಲಿನಂತಿದೆ. ಅದನ್ನು ತಟ್ಟಿದಾಗ ಫ್ಯಾಡ್ ಎಂಬ ವಾಲೀಕಾರನು ಅಪ್ಪಣೆಯನ್ನು ಒಳಗೊಯ್ದು ಕ್ಯಾಸ್ಪೇಸ್ ಎಂಬ ಕಿಣ್ವಗಳಿಗೆ ಮುಟ್ಟಿಸುತ್ತಾನೆ. ಅವು ಕೋಶವನ್ನು ಒಳಗಿನಿಂದಲೇ ಕತ್ತರಿಸಿಹಾಕುತ್ತವೆ. ಇನ್ನೊಂದು ದಾರಿಯು ಒಳಗಿನದು. ಕೋಶದ ಶಕ್ತಿಗೃಹವಾದ ಮೈಟೊಕಾಂಡ್ರಿಯದಲ್ಲಿ ಬ್ಯಾಕ್ಸ್ ಎಂಬ ಪ್ರೋಟೀನು ರಂಧ್ರವನ್ನು ಕೊರೆಯುತ್ತದೆ, ಬಿಸಿಎಲ್-೨ ಎಂಬುದು ಅದನ್ನು ತಡೆಯುತ್ತದೆ. ರಂಧ್ರವಾಯಿತೆಂದರೆ ಸೈಟೊಕ್ರೋಮ್-ಸಿ ಎಂಬುದು ಹೊರಚೆಲ್ಲಿ, ಅದೇ ಕ್ಯಾಸ್ಪೇಸುಗಳನ್ನು ಎಬ್ಬಿಸುತ್ತದೆ. ಕೊಲ್ಲುವವರೂ ಕಾಯುವವರೂ ಪ್ರತಿ ಕೋಶದಲ್ಲಿ ಸದಾ ತೂಗಿಕೊಂಡಿರುತ್ತಾರೆ. ವ್ಯಸನದ ವಸ್ತುಗಳು ಕೈಹಾಕುವುದು ಈ ತಕ್ಕಡಿಗೆ.

ಸ್ಪೇನ್ ದೇಶಕ್ಕೆ ಸೇರಿದ ಮಜೋರ್ಕಾ ದ್ವೀಪದ ವಿಶ್ವವಿದ್ಯಾಲಯದಲ್ಲಿ ಗಾರ್ಸಿಯಾ-ಸೆವಿಯಾ, ಗಾರ್ಸಿಯಾ-ಫುಸ್ಟರ್ ಮೊದಲಾದವರು ಅಫೀಮಿನ ಸಾರವಾದ ಮಾರ್ಫೀನನ್ನು ಕುರಿತು ಇದನ್ನು ಪರೀಕ್ಷಿಸಿದರು. ಮಾರ್ಫೀನನ್ನು ಬಹುದಿನ ಕೊಟ್ಟ ಇಲಿಗಳ ಮೆದುಳಿನಲ್ಲಿ ಕೊಲ್ಲುವ ಪಕ್ಷದ ಫ್ಯಾಸ್ ಹೆಚ್ಚಿ, ಕಾಯುವ ಪಕ್ಷದ ಬಿಸಿಎಲ್-೨ ತಗ್ಗಿದುದನ್ನು ೨೦೦೧ರಲ್ಲಿ ಪ್ರಕಟಿಸಿದರು. ಹಾಗಾದರೆ ನರಕೋಶಗಳು ರಾಶಿರಾಶಿಯಾಗಿ ಸಾಯಬೇಕಲ್ಲವೆ? ಹಾಗಾಗಲಿಲ್ಲವೆಂಬುದೇ ಇದರಲ್ಲಿನ ಸ್ವಾರಸ್ಯ. ಮುಂದಿನ ಸಂಶೋಧನೆಗಳಲ್ಲಿ, ಫ್ಯಾಡ್ ಪ್ರೋಟೀನಿಗೆ ರಂಜಕಾಂಶವೊಂದು ಅಂಟಿಕೊಂಡಾಗ ಅದು ಮರಣದ ಅಪ್ಪಣೆಯನ್ನು ಬಿಟ್ಟು ಕೋಶಕೇಂದ್ರದಲ್ಲಿ ಬೇರೆಯ ಕೆಲಸಕ್ಕೆ ತೊಡಗುತ್ತದೆಂಬುದು ಬೆಳಕಿಗೆ ಬಂದಿತು. ವ್ಯಸನಕ್ಕೆ ಒಗ್ಗಿದ ಮೆದುಳು ವಾಲೀಕಾರನನ್ನು ಹೀಗೆ ಅತ್ತ ತಿರುಗಿಸಿ ಬದುಕುತ್ತದೆಂದೂ, ಈ ತಿರುವೇ ವ್ಯಸನವು ಬೇರೂರುವ ಕ್ರಮದ ಒಂದು ಭಾಗವಾಗಿರಬಹುದೆಂದೂ ವಿದ್ವಾಂಸರು ಭಾವಿಸುತ್ತಾರೆ. ಎಂದರೆ, ವ್ಯಸನಿಯ ಮೆದುಳು ಸುಟ್ಟ ಕಟ್ಟಿಗೆಯಲ್ಲ. ದಿನವೂ ಸಾವಿನೊಡನೆ ಸಂಧಾನ ಮಾಡಿಕೊಂಡು ನಿಂತ ಅಂಗ. ಹದಗೆಟ್ಟ ಈ ಸಂಧಾನವೇ ಅದರ ರೋಗ. ಅಂಗವು ಇನ್ನೂ ಜೀವಂತವಾಗಿರುವುದೇ ಅದರ ಆಸೆ.

ಪ್ರಾಯದವನ ಮೆದುಳಿಗೆ ಸಾಧ್ಯವಾದ ಈ ಸಂಧಾನವು ಎಳೆಯ ಮೆದುಳಿಗೆ ಸಾಧ್ಯವಿಲ್ಲ. ೨೦೦೦ದಲ್ಲಿ ಇಕೊನೊಮಿಡು, ಅಮೆರಿಕದ ಜಾನ್ ಓಲ್ನಿ ಮೊದಲಾದವರು ಏಳು ದಿನದ ಇಲಿಮರಿಗಳಿಗೆ ಮದ್ಯಸಾರವನ್ನು ಕೊಟ್ಟು ನೋಡಿದಾಗ, ಮೆದುಳಿನ ಹಲವು ಭಾಗಗಳಲ್ಲಿ ನರಕೋಶಗಳು ಲಕ್ಷಗಟ್ಟಲೆ ಸತ್ತುವು. ಇಲಿಮರಿಯ ಆ ಹಂತವು ಮನುಷ್ಯನಲ್ಲಿ ಗರ್ಭದ ಕೊನೆಯ ಮೂರು ತಿಂಗಳಿಗೂ ಶೈಶವದ ಮೊದಲ ವರ್ಷಗಳಿಗೂ ಹೊಂದುತ್ತದೆ. ಬ್ಯಾಕ್ಸ್ ಪ್ರೋಟೀನೇ ಇಲ್ಲದಂತೆ ಮಾಡಿದ ಇಲಿಮರಿಗಳಲ್ಲಿ ಅದೇ ಮದ್ಯಸಾರವು ಈ ಹಾನಿಯನ್ನು ಮಾಡಲಾರದೆಂದು ೨೦೦೩ರಲ್ಲಿ ಸಿದ್ಧವಾಯಿತು. ಆದುದರಿಂದ ಮದ್ಯವು ತಾನಾಗಿ ಕೊಲ್ಲುವುದಲ್ಲ. ಕೋಶದೊಳಗಿನ ಕೊಲೆಗಾರನನ್ನು ಎಬ್ಬಿಸಿ ಕೊಲ್ಲಿಸುತ್ತದೆ. ಕೆಲಸವಿಲ್ಲದ ಕೋಶವೆಂಬ ತಪ್ಪು ಸುದ್ದಿಯನ್ನು ಅದು ಹಬ್ಬಿಸುತ್ತದೆ, ಉದುರಬೇಕಿಲ್ಲದ ಎಲೆ ಉದುರುತ್ತದೆ. ಸೇಂದಿಯು ಮೈಗೆ ತಂಪೆಂಬ ನಂಬಿಕೆಯಿಂದ ಅದನ್ನು ನಿರಪಾಯವೆಂದೆಣಿಸುವ ಮನೆಗಳಲ್ಲಿ ಗರ್ಭಿಣಿಯೂ ಬಾಣಂತಿಯೂ ಮಗುವೂ ಅದರಿಂದ ದೂರವಿರಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವು ಬೇಕಾಗಿಲ್ಲ.

ಇನ್ನು ಮಿತಿ ಮುರಿದ ಕಥೆ. ೧೮೩೨ರಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಕ್ಲೋರಲ್ ಎಂಬ ಪದಾರ್ಥವನ್ನು ತಯಾರಿಸಿದನು. ೧೮೬೯ರಲ್ಲಿ ಬರ್ಲಿನಿನ ಲೀಬ್‌ರೈಖ್ ಎಂಬವನು, ಕ್ಲೋರಲ್ ಹೈಡ್ರೇಟು ರಕ್ತದಲ್ಲಿ ಕ್ಲೋರೋಫಾರಮಾಗಿ ಮಾರ್ಪಡುವುದೆಂದು ಊಹಿಸಿ, ಅದನ್ನು ನಿದ್ರೆಯ ಔಷಧವಾಗಿ ಪ್ರಚಾರಕ್ಕೆ ತಂದನು. ಔಷಧವು ಫಲಕೊಟ್ಟಿತು, ಊಹೆ ಮಾತ್ರ ಸುಳ್ಳಾಯಿತು. ಅದು ದೇಹದಲ್ಲಿ ಟ್ರೈಕ್ಲೋರೋಎಥನಾಲ್ ಆಗಿ ನಿದ್ರೆ ತರುತ್ತದೆಂಬುದು ೧೯೪೮ರಲ್ಲಿ ಬಟ್ಲರನ ಸಂಶೋಧನೆಯಿಂದ ತಿಳಿದುಬಂದಿತು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾದ ವರ್ಷವೂ ಅದೇ. ವೈದ್ಯರು ಕಾಲಕ್ರಮದಲ್ಲಿ ಬಹುಮಟ್ಟಿಗೆ ಕೈಬಿಟ್ಟ ಈ ಔಷಧವು ಅದೇ ಸಂಸ್ಥಾನದ ಹಳೆಯ ಸೀಮೆಯಲ್ಲಿ ಸೇಂದಿಯ ಮಡಕೆಯನ್ನು ಸೇರಿತು. ಈಚಲ ಮರಗಳು ಕಡಿಮೆಯಾದುವು, ಗಿರಾಕಿಗಳು ಕಡಿಮೆಯಾಗಲಿಲ್ಲ. ನೀರು, ಸಕ್ಕರೆಯ ಬದಲಿಗೆ ಸ್ಯಾಕರಿನ್, ಒಂದು ಹಿಡಿ ಬಿಳಿಯ ಪುಡಿ: ಮರವಿಲ್ಲದೆಯೆ ಸೇಂದಿ ಸಿದ್ಧವಾಯಿತು. ಜನರ ಬಾಯಲ್ಲಿ ಇದಕ್ಕೆ ಸಿ.ಎಚ್. ಪುಡಿಯೆಂದು ಹೆಸರು. ರಾಯಚೂರು ಮೊದಲಾದ ಗಡಿಯ ಜಿಲ್ಲೆಗಳಲ್ಲಿ ಅಬಕಾರಿ ಅಧಿಕಾರಿಗಳು ಇದನ್ನು ಪದೇ ಪದೇ ಹಿಡಿದಿದ್ದಾರೆ. ೧೯೬೩ರಲ್ಲಿ ಮಾರುಕಟ್ಟೆಗೆ ಬಂದ ಡಯಜೆಪಾಮ್, ೧೯೮೧ರಲ್ಲಿ ಬಂದ ಅಲ್ಪ್ರಜೋಲಾಮ್ ಎಂಬ ಮಾತ್ರೆಗಳ ಪುಡಿಯೂ ಇದೇ ದಾರಿಯನ್ನು ಹಿಡಿಯಿತು. ಕುಡಿಯುವವನು ಸೇಂದಿಯನ್ನು ಕುಡಿಯುತ್ತಿದ್ದೇನೆಂದು ತಿಳಿದನು. ಅವನ ಮೆದುಳು ಒಗ್ಗಿಕೊಂಡುದು ಔಷಧದಂಗಡಿಯ ನಿದ್ರೆಯ ಪದಾರ್ಥಕ್ಕೆ.

ಮದ್ಯಸಾರ, ಕ್ಲೋರಲ್, ಡಯಜೆಪಾಮ್, ಅಲ್ಪ್ರಜೋಲಾಮ್ ಇವುಗಳೆಲ್ಲ ಮೆದುಳಿನಲ್ಲಿ ಮುಖ್ಯವಾಗಿ ಒಂದೇ ಕದವನ್ನು ತೆರೆಯುತ್ತವೆ. ನರಕೋಶದ ಆವೇಗವನ್ನು ಶಮನಗೊಳಿಸುವ ಗಾಬಾ ಎಂಬ ರಾಸಾಯನಿಕ ದೂತನ ಕದವದು. ದಿನವೂ ಬಲವಂತವಾಗಿ ಶಮನಗೊಂಡ ಮೆದುಳು ಸಮತೋಲಕ್ಕಾಗಿ ಆ ಕದಗಳ ಬಲವನ್ನು ತಗ್ಗಿಸಿ, ಉದ್ರೇಕವನ್ನುಂಟುಮಾಡುವ ಗ್ಲುಟಮೇಟಿನ ಕದಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ಪುಡಿಯು ಒಮ್ಮೆಗೇ ನಿಂತುಹೋದರೆ, ಹಿಡಿದೆಳೆಯುತ್ತಿದ್ದ ಹಗ್ಗವನ್ನು ಕಡಿದಂತಾಗುತ್ತದೆ. ಕೈಕಾಲುಗಳ ನಡುಕ, ನಿದ್ರಾನಾಶ, ಭ್ರಮೆ, ಫಿಟ್ಸು, ಕೆಲವೊಮ್ಮೆ ಮರಣ. ಅತಿಯಾದ ಉದ್ರೇಕದಿಂದಲೇ ನರಕೋಶವು ಸಾಯಬಲ್ಲದೆಂಬುದನ್ನು ಮೇಲೆ ಹೇಳಿದ ಓಲ್ನಿಯು ೧೯೬೯ರಷ್ಟು ಹಿಂದೆಯೇ ತೋರಿಸಿದ್ದನು. ಸುಣ್ಣದ ಅಂಶವು ಕೋಶದೊಳಕ್ಕೆ ನುಗ್ಗಿ ಮೈಟೊಕಾಂಡ್ರಿಯವನ್ನು ಕೆಡಿಸಿ, ಹಿಂದೆ ವಿವರಿಸಿದ ಮರಣದ ದಾರಿಯನ್ನು ತೆರೆಯುತ್ತದೆ. ಕುಡಿಯುವಾಗ ತಪ್ಪಿಸಿಕೊಂಡ ನರಕೋಶವು ಹಠಾತ್ತಾಗಿ ಬಿಟ್ಟಾಗ ಅಪಾಯಕ್ಕೆ ಸಿಕ್ಕುವುದು ಹೀಗೆ. ಇದರ ಮೇಲೆ ಹೊಟ್ಟೆಗೆ ಸರಿಯಾಗಿ ಇಲ್ಲದ ಕೂಲಿಕಾರನಲ್ಲಿ ಥಯಮಿನ್ ಎಂಬ ಜೀವಸತ್ವದ ಕೊರತೆಯೂ ಕೂಡಿದರೆ, ೧೮೮೧ರಲ್ಲಿ ವೆರ್ನಿಕೆಯು ವರ್ಣಿಸಿದ ಮೆದುಳಿನ ರೋಗವುಂಟಾಗಿ ನೆನಪಿನ ಶಕ್ತಿಯು ಶಾಶ್ವತವಾಗಿ ಅಳಿಯಬಹುದು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ೨೦೧೫ರ ಸೆಪ್ಟೆಂಬರಿನ ಘಟನೆಯು ಸಾಕ್ಷಿ. ಆಗ ತೆಲಂಗಾಣದ ನಿಜಾಮಾಬಾದ ಮೊದಲಾದ ಜಿಲ್ಲೆಗಳಲ್ಲಿ ಕಲಬೆರಕೆ ಸೇಂದಿಯ ವಿರುದ್ಧ ಸರ್ಕಾರವು ಬಿಗಿಯಾದ ಕ್ರಮವನ್ನು ಕೈಕೊಂಡಿತು. ಉದ್ದೇಶವು ಸ್ತುತ್ಯವಾದುದೇ. ಆದರೆ ಪುಡಿಯಿಲ್ಲದ ಸೇಂದಿಯನ್ನು ಕುಡಿದ ಜನರು ಕೆಲವೇ ದಿನಗಳಲ್ಲಿ ನಡುಗುತ್ತ, ಅಸಂಬದ್ಧವಾಗಿ ಮಾತಾಡುತ್ತ ಆಸ್ಪತ್ರೆಗಳನ್ನು ತುಂಬಿದರು. ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಡಯಜೆಪಾಮ್, ಅಲ್ಪ್ರಜೋಲಾಮುಗಳ ಅಕ್ರಮ ವ್ಯವಹಾರವು ೧೯೮೫ರ ಮಾದಕ ವಸ್ತುಗಳ ಕಾಯಿದೆಯಂತೆ ಶಿಕ್ಷಾರ್ಹವಾಗಿದೆ. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ೧೬ ಕೋಟಿ ಜನರು ಮದ್ಯವನ್ನೂ, ಒಂದು ಕೋಟಿಗೂ ಮಿಕ್ಕಿದ ಜನರು ನಿದ್ರೆಯ ಔಷಧಗಳನ್ನೂ ಸೇವಿಸುತ್ತಿದ್ದರು. ಇಷ್ಟು ಜನರನ್ನು ಕಾಯಿದೆಯೊಂದೇ ಬಿಡಿಸಲಾರದು.

ಬಿಡಿಸುವ ಕ್ರಮವು ವೈದ್ಯರಿಗೆ ತಿಳಿದಿದೆ. ಇದೇ ಕದವನ್ನು ಸೌಮ್ಯವಾಗಿ ತೆರೆದಿಡುವ, ನಿಧಾನವಾಗಿ ಇಳಿಯುವ ಔಷಧವನ್ನು ಕೊಟ್ಟು, ದಿನದಿನಕ್ಕೆ ಪ್ರಮಾಣವನ್ನು ತಗ್ಗಿಸುತ್ತ, ಥಯಮಿನನ್ನು ಸೂಜಿಯ ಮೂಲಕ ತುಂಬಿ, ಕೆಲವು ದಿನ ಕಣ್ಣಿಟ್ಟು ಕಾಯುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ಕೇಂದ್ರವಿದೆ. ಅದೇ ಸಂಸ್ಥೆಯು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ, ಸಾಮಾನ್ಯ ವೈದ್ಯರಿಗೆ ತರಬೇತು ಕೊಟ್ಟರೆ ಮಾನಸಿಕ ಚಿಕಿತ್ಸೆಯು ತಾಲೂಕಿನವರೆಗೂ ತಲುಪಬಲ್ಲದೆಂಬುದು ಸಿದ್ಧವಾಯಿತು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲಿ ಮಾದರಿಯಾದುದು ಅದೇ. ಕುಡಿತವನ್ನು ಬಿಟ್ಟು ಕೆಲವು ತಿಂಗಳು ಕಳೆದವರಲ್ಲಿ, ಕುಗ್ಗಿದ ಮೆದುಳಿನ ಗಾತ್ರವು ಬಹುಮಟ್ಟಿಗೆ ಮರಳುವುದನ್ನು ಚಿತ್ರಣಯಂತ್ರಗಳು ತೋರಿಸಿವೆ. ಬಿಟ್ಟವನಿಗೆ ಫಲವುಂಟು, ಬಿಡುವ ದಾರಿಯಲ್ಲಿ ಅವನು ಸಾಯದಂತೆ ನೋಡಿಕೊಳ್ಳಬೇಕಾದುದೇ ಉಳಿದ ಕೆಲಸ.

ಹೀಗೆ ನೋಡಿದಾಗ, ಹಿಂದಿನ ಆಚಾರ್ಯರು ಕಾಲು ಕಾಲಾಗಿ ಬಿಡಿಸಬೇಕೆಂದುದೂ, ಈಗಿನ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತ ಬರಬೇಕೆನ್ನುವುದೂ ಒಂದೇ ಮಾತಾಗುತ್ತದೆ. ಅದರ ಕಾರಣವು ಮಾತ್ರ ಈಗ ಪ್ರೋಟೀನುಗಳ ಹೆಸರಿನೊಡನೆ ತಿಳಿದುಬಂದಿದೆ. ಕಲಬೆರಕೆ ಸೇಂದಿಯ ಅಂಗಡಿಗೆ ಬೀಗ ಹಾಕುವ ದಿನ, ಆ ಊರಿನ ಆರೋಗ್ಯ ಕೇಂದ್ರದ ಬಾಗಿಲು ರಾತ್ರಿಯೂ ತೆರೆದಿರತಕ್ಕದ್ದು. ಬೀಗದ ಕೈಯನ್ನು ಹಿಡಿದ ಅಬಕಾರಿಯವನೊಡನೆ ಔಷಧದ ಪೆಟ್ಟಿಗೆಯನ್ನು ಹಿಡಿದ ವೈದ್ಯನೂ ಹಳ್ಳಿಗೆ ಬಂದಾಗಲೇ ಆ ನಿಷೇಧವು ಜನಹಿತವೆನಿಸೀತು.